ಅಪ್‌ಡೇಟ್: ಲಿಯಾನ್‌ನಲ್ಲಿ ಫ್ರೆಂಚ್ ಮನೆಯವರ ಜೊತೆ, ಸಸ್ಯಾಹಾರಿಯಾಗಿ

ಮಾಸ್ಟರ್ಸ್‌ಗೆ ಲಿಯಾನ್‌ಗೆ ಹೊರಟಿದ್ದೇನೆ, ಫ್ರೆಂಚ್ ಕುಟುಂಬದ ಮನೆಯಲ್ಲಿದ್ದರೆ ಸಸ್ಯಾಹಾರಿಗೆ ಊಟ ಸಿಗುತ್ತಾ ಅಂತ ಕೇಳಿದ್ದೆ, ನೆನಪಿದೆಯಲ್ವಾ? ಧೈರ್ಯ ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಚೆನ್ನಾಗಿದ್ದೇನೆ.

ಊಟಕ್ಕೆ ತೊಂದರೆಯೇ ಇಲ್ಲ. ರಾತತುಯಿ (ಬದನೆ, ಟೊಮ್ಯಾಟೊ ಥರದ ತರಕಾರಿಗಳ ಪಲ್ಯ), ಆಲೂಗಡ್ಡೆಯ ಗ್ರಾತಾಂ (ಕೆನೆ ಹಾಕಿ ಓವನ್‌ನಲ್ಲಿ ಬೇಯಿಸಿದ್ದು) ಮಾಡುತ್ತಾರೆ, ಜೊತೆಗೆ ಲೆ ಪುಯ್ ಕಡೆಯ ಹಸಿರು ಮಸೂರ್ ಕಾಳನ್ನು ಈರುಳ್ಳಿ, ಕ್ಯಾರೆಟ್ ಹಾಕಿ ಬೇಯಿಸುತ್ತಾರೆ. ಅದಕ್ಕೆ ನಾನು ಸಾರಿನ ಪುಡಿ ಹಾಕಿ ತುಪ್ಪದ ಒಗ್ಗರಣೆ ಕೊಟ್ಟೆ, ಮನೆಯ ಅಜ್ಜ ಬ್ರೆಡ್ ತುಂಡಿನಲ್ಲಿ ತಟ್ಟೆ ಒರೆಸಿ ತಿಂದರು, ಅಷ್ಟು ಖುಷಿ ಆಯ್ತು ನನಗೆ.

ಊಟ ಆದಮೇಲೆ ಸಿಹಿಗಿಂತ ಮೊದಲು ಚೀಸ್ ಬರುತ್ತೆ. ಕಾಂತೆ ಥರದ ಚೀಸ್‌ನಲ್ಲಿ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಕಟ್ಟುನಿಟ್ಟಿನವರು ಮೊದಲೇ ಹೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ರಾತ್ರಿ ಎಂಟರ ಹೊತ್ತಿಗೆ ಕೂತರೆ ಬೇಗ ಏಳುವ ಹಾಗಿಲ್ಲ, ಮಾತೇ ಮಾತು. ನನ್ನ ಫ್ರೆಂಚ್ ಸುಧಾರಿಸಿದ್ದು ಕ್ಲಾಸಿಗಿಂತ ಜಾಸ್ತಿ ಈ ಟೇಬಲ್‌ನಲ್ಲೇ.

ವೀಸಾ ಬಗ್ಗೆ ಕೇಳಿದ್ದವರಿಗೆ: ಸ್ಟೂಡೆಂಟ್ ಲಾಂಗ್ ಸ್ಟೇ ವೀಸಾವನ್ನು ಫ್ರಾನ್ಸ್‌ಗೆ ಬಂದ 3 ತಿಂಗಳೊಳಗೆ ಆನ್‌ಲೈನ್‌ನಲ್ಲಿ ವ್ಯಾಲಿಡೇಟ್ ಮಾಡಲೇಬೇಕು. ಸುಮ್ನೆ ಮುಂದೂಡಬೇಡಿ, ಬಂದ ವಾರವೇ ಮುಗಿಸಿ.