ಟ್ಯಾಂಕರ್‌ನವನು ಕಮ್ಮಿ ನೀರು ಹಾಕುತ್ತಾನೆ ಅಂತ ಗೊತ್ತು. ಆದ್ರೂ ಟೀ ಕೊಡುತ್ತೇನೆ. ನಿಮಗೂ ಹೀಗಾಗಿದೆಯಾ?

ಸಂಪಿನಕೋಲು ಕೇಳಿದ್ದು:

ನಮ್ಮದು ಬೆಂಗಳೂರಿನ ವರ್ತೂರು ಕಡೆ ಹದಿನೆಂಟು ಮನೆಗಳ ಚಿಕ್ಕ ಅಪಾರ್ಟ್‌ಮೆಂಟ್. ಬೇರೆ ಯಾರೂ ಒಪ್ಪಲಿಲ್ಲ ಅಂತ ಎರಡು ವರ್ಷದಿಂದ ನಾನೇ ಸೆಕ್ರೆಟರಿ. ಇದ್ದ ಎರಡು ಬೋರ್‌ಗಳಲ್ಲಿ ಒಂದು 2024ರ ಫೆಬ್ರವರಿಯಲ್ಲಿ ನಿಂತುಹೋಯಿತು. ಇನ್ನೊಂದು ಬೆಳಗ್ಗೆ ಮುಕ್ಕಾಲು ಗಂಟೆ ಓಡಿ ಆಮೇಲೆ ಬರೀ ಗಾಳಿ ಕಾರುತ್ತೆ. ಮಿಕ್ಕಿದ್ದೆಲ್ಲ ಟ್ಯಾಂಕರ್.

ಹೋದ ತಿಂಗಳು ಒಂದು ಭಾನುವಾರ ಸುಮ್ನೆ ಕೂತಿದ್ದಾಗ ತಲೆಗೆ ಹುಳ ಹೊಕ್ಕಿತು. ನಮ್ಮ ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ. ಅಂದ್ರೆ ನೀರು ಒಂದು ಮೀಟರ್ ಏರಿದರೆ 12,000 ಲೀಟರ್, ಸರಿಯಾಗಿ ಒಂದು ಲೋಡು. ಹಳೇ ಪಿವಿಸಿ ಪೈಪಿಗೆ ಮಗಳ ಮಾರ್ಕರ್ ತಗೊಂಡು ಗೆರೆ ಎಳೆದೆ. ಮೋಟಾರ್ ಆಫ್ ಮಾಡಿಸಿ, ಟ್ಯಾಂಕರ್ ನೀರು ಬಿಡುವ ಮುಂಚೆ ಒಂದು ಸಲ, ಬಿಟ್ಟ ಮೇಲೆ ಒಂದು ಸಲ ಇಳಿಸಿ ನೋಡಿದೆ. ಏರಿದ್ದು 81 ಸೆಂಟಿಮೀಟರ್. ಹೆಚ್ಚುಕಮ್ಮಿ 9,700 ಲೀಟರ್. ಆಮೇಲೆ ಇನ್ನೂ ನಾಲ್ಕು ಲೋಡು ಅಳೆದೆ. ಒಂದೂ 84 ದಾಟಲಿಲ್ಲ. ದುಡ್ಡು ಮಾತ್ರ ಪೂರ್ತಿ ಲೋಡಿಗೆ, 1,800 ರೂಪಾಯಿ.

ಡ್ರೈವರ್‌ಗೆ ತೋರಿಸಿದೆ. ಪೈಪ್ ನೋಡಿದ, ನನ್ನ ಮುಖ ನೋಡಿದ. "ಸಾರ್, ಬ್ಯಾಡಾಂದ್ರೆ ಈಗ್ಲೇ ಹೇಳ್ಬಿಡಿ. ಹಿಂದಿನ ಬಿಲ್ಡಿಂಗ್‌ನೋರು ಬೆಳಗ್ಗಿಂದ ಫೋನ್ ಮಾಡ್ತಾವ್ರೆ" ಅಂದ. ಸಿಟ್ಟಿಲ್ಲ, ಸೆಡವಿಲ್ಲ. ಬಸ್ಸಿನ ಟೈಮ್ ಹೇಳಿದ ಹಾಗೆ.

ನಾನೇನು ಮಾಡಿದೆ ಗೊತ್ತಾ? "ಹಂಗಲ್ಲ ಅಣ್ಣ, ಸುಮ್ನೆ ನೋಡ್ತಿದ್ದೆ" ಅಂದೆ. ಅಣ್ಣ ಅಂತೆ! ಹುಡುಗನಿಗೆ ಇಪ್ಪತ್ತೆರಡೂ ಆಗಿರಲಿಕ್ಕಿಲ್ಲ, ನನಗೆ ನಲವತ್ತೆಂಟು. ವಾಚ್‌ಮ್ಯಾನ್‌ಗೆ ಹೇಳಿ ಟೀ ತರಿಸಿದೆ. ಪೈಪನ್ನು ಜನರೇಟರ್ ಹಿಂದೆ ಒರಗಿಸಿಟ್ಟೆ, ಕಾಣದ ಹಾಗೆ.

ತಿಪಟೂರಿನಲ್ಲಿ ಕಾಲೇಜು ಓದುವಾಗ ಐವತ್ತು ಪೈಸೆ ಚಿಲ್ಲರೆಗೆ ಕಂಡಕ್ಟರ್ ಜೊತೆ ಸ್ಟಾಪ್ ದಾಟುವವರೆಗೂ ಜಗಳ ಆಡಿದವನು ನಾನು. ಈಗ ಆ ಮನುಷ್ಯ ಎಲ್ಲಿ ಹೋದ ಅಂತ ಗೊತ್ತಾಗುತ್ತಿಲ್ಲ. ನೀರಿನ ವಿಷಯ ಮಾತ್ರ ಅಲ್ಲ. ರಾಂಗ್ ಸೈಡಲ್ಲಿ ಬರುವವರಿಗೆ ಮೊದಲು ಗಾಡಿ ನಿಲ್ಲಿಸಿ ಬೈಯುತ್ತಿದ್ದೆ. ಆಮೇಲಾಮೇಲೆ ಎಡಕ್ಕೆ ಸರಿದು ದಾರಿ ಬಿಡೋಕೆ ಶುರು ಮಾಡಿದೆ. ಹೋದ ವಾರ ಯೂ-ಟರ್ನ್ ಒಂದೂವರೆ ಕಿಲೋಮೀಟರ್ ದೂರ ಇದೆ ಅಂತ ನಾನೇ ರಾಂಗ್ ಸೈಡಲ್ಲಿ ಬಂದೆ. ಎದುರಿಗೆ ಬಂದವನು ಬೈಯಲಿಲ್ಲ. ಎಡಕ್ಕೆ ಸರಿದ.

ಪರಿಹಾರ ಕೇಳುತ್ತಿಲ್ಲ. ಗೊತ್ತಿದ್ದೂ ಸುಮ್ಮನಿರೋದು ನಿಮಗೂ ಅಭ್ಯಾಸ ಆಗಿದೆಯಾ, ಯಾವಾಗಿಂದ? ಅಷ್ಟೇ.

ಲೆಕ್ಕದಪುಸ್ತಕ:

ಕೇಳದಿದ್ದರೂ ಪರಿಹಾರ ಹೇಳುತ್ತೇನೆ, ಕ್ಷಮಿಸಿ. ಟ್ಯಾಂಕರ್ ಪೈಪ್ ಸಂಪಿಗೆ ಬರುವ ಕಡೆ ನೀರು ಅಳೆಯುವ ಮೀಟರ್ ಕೂರಿಸಿ. ಲೋಡಿನ ಲೆಕ್ಕ ಬೇಡ, ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡಿ. ನೀವೊಬ್ಬರೇ ಕೇಳಿದರೆ ಅವನು ಗೇಟಿಂದಲೇ ವಾಪಸ್ ಹೋಗುತ್ತಾನೆ. ನಮ್ಮ ರಸ್ತೆಯಲ್ಲಿ ಐದು ಬಿಲ್ಡಿಂಗ್ ಒಟ್ಟಿಗೆ ಹಾಕಿಸಿದೆವು. ಎರಡು ದಿನ ನೀರು ಬರಲಿಲ್ಲ, ಮೂರನೇ ದಿನ ಬಂತು. ಆ ಎರಡು ದಿನ ತಡೆದುಕೊಳ್ಳೋದೇ ಕಷ್ಟ.

2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಿತ್ತು, ನೆನಪಿರಬೇಕು. 12,000 ಲೀಟರಿಗೆ 5 ಕಿ.ಮೀ. ಒಳಗೆ 1,000 ರೂಪಾಯಿ, 10 ಕಿ.ಮೀ. ವರೆಗೆ 1,200. ನೀವು 1,800 ಕೊಟ್ಟು 9,700 ಲೀಟರ್ ತಗೊಳ್ಳುತ್ತಿದ್ದೀರಿ. ಇನ್ನೊಂದು, ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಗಿದ್ದೇ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ, 2024ರ ಅಕ್ಟೋಬರ್‌ನಲ್ಲಿ. ನೀವು ಇನ್ನೂ ಯಾಕೆ ಕನೆಕ್ಷನ್ ತಗೊಂಡಿಲ್ಲ?

ಸಂಪಿನಕೋಲು:

ಹೊಟ್ಟೆ ಉರಿಯುವುದೇ ಅಲ್ಲಿ. ಹದಿನೆಂಟು ಮನೆಯಲ್ಲಿ ಏಳು ಓನರ್‌ಗಳು ಇಲ್ಲಿಲ್ಲ, ಬಾಡಿಗೆಯವರಿದ್ದಾರೆ. ಕನೆಕ್ಷನ್ ದುಡ್ಡಿನ ಮಾತೆತ್ತಿದರೆ ಓನರ್ ಹೇಳುತ್ತಾರೆ, "ನೀರು ಕುಡಿಯೋರು ಅವರು, ಅವರನ್ನ ಕೇಳಿ." ಬಾಡಿಗೆಯವರು ಹೇಳುತ್ತಾರೆ, "ಮನೆ ಅವರದು, ಅವರನ್ನ ಕೇಳಿ." ಒಬ್ಬರು ಮುಂದಿನ ವರ್ಷ ಫ್ಲಾಟ್ ಮಾರುತ್ತಾರಂತೆ. ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಕೈಮುಗಿಯುವ ಗುರುತು ಹಾಕಿ ಸುಮ್ಮನಾದರು. ಟ್ಯಾಂಕರ್ ದುಡ್ಡು ಮಾತ್ರ ಯಾರೂ ತಕರಾರಿಲ್ಲದೆ ಕೊಡುತ್ತಾರೆ. ಮೇಂಟೆನೆನ್ಸ್‌ನಲ್ಲಿ ಸೇರಿಹೋಗುತ್ತಲ್ಲ, ಕಾಣಲ್ಲ.

ಮಾಲೂರಿನವನು:

ನನ್ನ ತಮ್ಮ ಟ್ಯಾಂಕರ್ ಓಡಿಸುತ್ತಾನೆ, ಸರ್ಜಾಪುರ ರಸ್ತೆ ಕಡೆ. ಹಾಗಾಗಿ ಎರಡು ಮಾತು.

ಟ್ಯಾಂಕಿನ ಮೇಲೆ 12,000 ಅಂತ ಬರೆದವನು ಪೇಂಟರ್. ಅಳೆದು ನೋಡಿದವರು ಯಾರೂ ಇಲ್ಲ. ಬಾಯಿತನಕ ತುಂಬಿಸಿದರೆ ಗುಂಡಿಯಲ್ಲಿ ತುಳುಕಿ ಹಿಂದಿನ ಬೈಕಿನವರ ಮೇಲೆ ಬೀಳುತ್ತೆ. ಕಮ್ಮಿ ತುಂಬಿಸೋದು ಅಲ್ಲಿಂದ ಶುರುವಾಯಿತು, ಆಮೇಲೆ ಅದೇ ಅಳತೆ ಆಯಿತು. ಮೋಸ ಅಲ್ಲ ಅಂತ ಹೇಳುತ್ತಿಲ್ಲ. ಆದರೆ ಗಾಡಿ ಓನರ್ ಬೇರೆ, ಬೋರ್ ಓನರ್ ಬೇರೆ. ಡ್ರೈವರ್‌ಗೆ ಟ್ರಿಪ್ಪಿಗಿಷ್ಟು ಅಂತ ಸಿಗುತ್ತೆ, ಅಷ್ಟೇ. ಬೇಸಿಗೆಯಲ್ಲಿ ರಾತ್ರಿ ಎರಡು ಗಂಟೆಗೆ ಬೋರ್ ಹತ್ತಿರ ಸಾಲು ನಿಂತಿರುತ್ತೆ. ತಮ್ಮ ಸ್ಟೇರಿಂಗ್ ಮೇಲೇ ತಲೆ ಇಟ್ಟು ಮಲಗುತ್ತಾನೆ.

ಅವನ ಬಾಡಿಗೆ ಮನೆಗೆ ವಾರಕ್ಕೆ ಎರಡು ಸಲ ನೀರು. ತಮ್ಮನ ಹೆಂಡತಿ ಡ್ರಮ್ಮಲ್ಲಿ ಹಿಡಿದಿಡುತ್ತಾಳೆ. ಗಾಡಿಯಿಂದ ಒಂದು ಬಿಂದಿಗೆ ಇಳಿಸಿಕೊಂಡರೂ ಓನರ್ ಕೇಳುತ್ತಾನೆ. ಟೀ ನಿಲ್ಲಿಸಬೇಡಿ.

ಗವಿಪುರದ ಹಳಬ:

ನಮ್ಮಪ್ಪ ಕಾರ್ಪೊರೇಟರ್ ಮನೆ ಮುಂದೆ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ನೀವು ಯಾರ ಮನೆ ಮುಂದೆ ಕೂರುತ್ತೀರಿ? ಬೆಂಗಳೂರು ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ಆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಇಲ್ಲ. 2025ರಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು, ಕೊಡ ಇಡುವ ಜಾಗ ಮಾತ್ರ ಒಂದೂ ಇರಲಿಲ್ಲ. ಬಾಯಿ ಇದ್ದೂ ಕೇಳೋರಿಲ್ಲದಿದ್ದರೆ ಯಾರಿಗಾದರೂ ಮಾತು ಮರೆತುಹೋಗುತ್ತೆ.

ಕೋಲಾರದ ಸೊಸೆ:

ನೀವು ಸ್ನಾನ ಮಾಡಿದ ನೀರು ಎಲ್ಲಿಗೆ ಬರುತ್ತೆ ಅಂತ ಗೊತ್ತಾ? ನಮ್ಮ ಕೆರೆಗೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡೋದು 2018ರಲ್ಲಿ ಶುರುವಾಯಿತು. ಊರಲ್ಲಿ ಕೆ.ಸಿ. ವ್ಯಾಲಿ ನೀರು ಅಂತಾರೆ. ಮೂರನೇ ಹಂತವೂ ಆಗಬೇಕು ಅಂತ ಹೋರಾಟ ಮಾಡಿದವರಿದ್ದಾರೆ.

ನಮ್ಮ ಮಾವನವರ ಬೋರಿನಲ್ಲಿ ನೀರು ಮೇಲೆ ಬಂತು, ಅದು ನಿಜ. ವರ್ಷಗಟ್ಟಲೆ ಒಣಗಿತ್ತು. ಈಗ ಟೊಮೆಟೊ ಹಾಕಿದ್ದಾರೆ. ಆದರೆ ಆ ನೀರನ್ನ ಮನೆಯಲ್ಲಿ ಯಾರೂ ಕುಡಿಯಲ್ಲ. ಊರಿನ ಫಿಲ್ಟರ್ ಹತ್ತಿರ ಐದು ರೂಪಾಯಿ ಹಾಕಿ ಕ್ಯಾನ್ ತರುತ್ತೇವೆ. "ಮಾವ, ಇದು ಸರೀನಾ?" ಅಂತ ಕೇಳಿದರೆ "ಬಂದಿದ್ದೇ ಪುಣ್ಯ, ಸುಮ್ನಿರಮ್ಮ" ಅಂದರು. ಟೊಮೆಟೊ ನಿಮ್ಮ ಊರಿಗೇ ಬರುತ್ತೆ, ಬಿಡಿ.

ಸಂಪಿನಕೋಲು:

ಮಾಲೂರಿನವರೇ, ಟೀ ನಿಲ್ಲಿಸಿಲ್ಲ. ನಿನ್ನೆ ಹುಡುಗ ತಾನಾಗೇ ಕೇಳಿದ, "ಸಾರ್, ಇವತ್ತು ಕೋಲು ಬಿಡಲ್ವಾ?" ಜನರೇಟರ್ ಹಿಂದಿಂದ ತಂದು ಬಿಟ್ಟೆ. ಅವನೂ ಬಗ್ಗಿ ನೋಡಿದ. 83. "ಎರಡು ಜಾಸ್ತಿ ಐತಲ್ಲ ಸಾರ್" ಅಂದ. ನನಗೂ ನಗು ಬಂತು.

ಲೆಕ್ಕದಪುಸ್ತಕ ಅವರೇ, ಹಿಂದಿನ ಬಿಲ್ಡಿಂಗ್‌ನವರನ್ನು ಭಾನುವಾರ ಮಾತಾಡಿಸುತ್ತೇನೆ. ಅವರೂ ಅಳೆದು ನೋಡಿದ್ದಾರೋ ಏನೋ. ಮೀಟರ್ ಎಷ್ಟು ಇಂಚಿನದು ಹಾಕಿಸಿದಿರಿ?