ಗಾಲ್ಫ್ ಆಡುವವರ ಜಿಪಿಎಸ್‌ನಿಂದ ಹೊಲ ಅಳೆಯಬಹುದಾ?

ಜಮಖಂಡಿ ಕಡೆಯಿಂದ ಪ್ರಶ್ನೆ:

ನಮಸ್ಕಾರ ರೀ ಎಲ್ಲರಿಗೂ. ನಮ್ಮ ಸೋದರಮಾವ ಬೆಂಗಳೂರಿನಲ್ಲಿ ನೌಕರಿ ಮಾಡುವಾಗ ಗಾಲ್ಫ್ ಆಡುತ್ತಿದ್ದರು. ಈಗ ಮೊಣಕಾಲು ನೋವು, ಆಟ ಬಿಟ್ಟಿದ್ದಾರೆ. ಕೈಯಲ್ಲಿ ಹಿಡಿದು ದೂರ ನೋಡುವ ಅವರ ಜಿಪಿಎಸ್ ಯಂತ್ರವನ್ನು ನನಗೆ ಕೊಟ್ಟರು. ನನ್ನದು ಮೂರು ಕಡೆ ಕಬ್ಬಿನ ಹೊಲ. ರಂಟೆ ಹೊಡೆಸುವಾಗ, ಬೀಜದ ಕಬ್ಬು ತರುವಾಗ, ಎಕರೆ ಎಷ್ಟು ಅನ್ನುವುದೇ ಪ್ರತಿ ಸಲ ತಕರಾರು. ಇದರಿಂದ ಅಳೆಯಬಹುದಾ? ಬಳಸಿದವರು ಇದ್ದರೆ ಹೇಳಿ.

ಮುಧೋಳದಿಂದ:

ಅಳೆಯಬಹುದು ರೀ. ಮೂರು ವರ್ಷದಿಂದ ನನ್ನ ಹತ್ತಿರ ಇಂಥದ್ದೇ ಒಂದಿದೆ. ಗಾಲ್ಫ್ ನಾನೂ ಆಡಿಲ್ಲ.

ಇದರೊಳಗೆ ಗಾಲ್ಫ್ ಮೈದಾನಗಳ ನಕ್ಷೆ ತುಂಬಿರುತ್ತಾರೆ. ಚೆಂಡು ಬೀಳಬೇಕಾದ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು ಇರುತ್ತದಲ್ಲ, ಅದಕ್ಕೆ ಗ್ರೀನ್ ಅಂತಾರೆ. ಆಟಗಾರ ನಿಂತಲ್ಲಿಂದ ಗ್ರೀನ್‌ನ ಮುಂದಿನ ಅಂಚು, ನಡು, ಹಿಂದಿನ ಅಂಚು ಎಷ್ಟು ದೂರ ಅಂತ ಮೂರು ಅಂಕಿ ತೋರಿಸುತ್ತದೆ. ನಮ್ಮ ಹೊಲಕ್ಕೆ ಆ ನಕ್ಷೆಯಿಂದ ಏನೂ ಉಪಯೋಗವಿಲ್ಲ. ನಮಗೆ ಬೇಕಾದದ್ದು ಹೊಡೆತದ ದೂರ ಅಳೆಯುವ ಭಾಗ. ಮೆನುವಿನಲ್ಲಿ ‘ಶಾಟ್’ ಅಂತ ಇರುವುದನ್ನು ಹುಡುಕಿ. ಹೊಲದ ಒಂದು ಮೂಲೆಯಲ್ಲಿ ನಿಂತು ಒತ್ತಿ, ಇನ್ನೊಂದು ಮೂಲೆಗೆ ನಡೆದುಹೋಗಿ. ನೀವು ಬದುವಿನ ಮೇಲೆ ಸುತ್ತು ಹಾಕಿ ಹೋದರೂ ತೋರಿಸುವುದು ನೆಟ್ಟಗಿನ ದೂರ. ಆಳೆತ್ತರದ ಕಬ್ಬಿನಲ್ಲಿ ಟೇಪು ಎಳೆದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಒಂದು ಮಾತು ನೆನಪಿಡಿ. ಗಾಲ್ಫಿನವರ ಲೆಕ್ಕ ಜಾಸ್ತಿ ಗಜದಲ್ಲಿ. ಒಂದು ಗಜ ಅಂದರೆ 3 ಅಡಿ, 0.9144 ಮೀಟರ್. ಮೊದಲ ವರ್ಷ ನಾನು ಅದನ್ನು ಮೀಟರ್ ಅಂತ ತಿಳಿದು ಗುಣಿಸಿದೆ. ಕ್ಷೇತ್ರ ನಿಜಕ್ಕಿಂತ ಸುಮಾರು ಶೇ. 20 ಜಾಸ್ತಿ ಬಂತು. ಅದನ್ನೇ ನಂಬಿ ಬೀಜದ ಕಬ್ಬು ತರಿಸಿದೆ. ಉಳಿದದ್ದು ಬದುವಿನ ಮೇಲೆ ಒಣಗಿತು. ಇವತ್ತಿಗೂ ಬೇಜಾರಾಗುತ್ತದೆ.

ಹಾಗಂತ ಮೀಟರಿಗೆ ಬದಲಾಯಿಸಬೇಡಿ, ಗಜವೇ ಇರಲಿ. ನಮ್ಮ ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 11 ಗಜಕ್ಕೆ 11 ಗಜ, 121 ಚದರ ಗಜ. ಹೊಲ ಆಯತವಾಗಿ 66 ಗಜ ಉದ್ದ, 55 ಗಜ ಅಗಲ ಇದ್ದರೆ 3,630. ಅದನ್ನು 121ರಿಂದ ಭಾಗಿಸಿ, ಸರಿಯಾಗಿ 30 ಗುಂಟೆ. ಮೀಟರಿನಲ್ಲಿ ಹೋದರೆ 101.17ರಿಂದ ಭಾಗಿಸಬೇಕು, ಸುಮ್ನೆ ತಲೆನೋವು.

ಹೊಲ ಸೊಟ್ಟ ಇದ್ದರೆ? ನಮ್ಮ ಕಡೆ ಎದುರುಬದುರು ಬದಿ ಕೂಡಿಸಿ, ಅರ್ಧ ಮಾಡಿ, ಎರಡನ್ನೂ ಗುಣಿಸುವ ರೂಢಿ ಇದೆ. ಮೂಲೆಗಳು ಕಾಟಕೋನ, ಅಂದರೆ 90 ಡಿಗ್ರಿ, ಇದ್ದರೆ ಮಾತ್ರ ಅದು ಸರಿ. ಇಲ್ಲದಿದ್ದರೆ ಯಾವಾಗಲೂ ಜಾಸ್ತಿಯೇ ಬರುತ್ತದೆ, ಕಡಿಮೆ ಬರುವುದೇ ಇಲ್ಲ. ಎಕರೆ ಲೆಕ್ಕದಲ್ಲಿ ರಂಟೆಯ ಹಣ ಕೊಡುವ ರೈತರಿಗೆ ಪ್ರತಿ ಸಲ ನಷ್ಟ. ಅದಕ್ಕೇ ಮೂಲೆಯಿಂದ ಮೂಲೆಗೆ ಅಡ್ಡ ಒಂದು ಅಳತೆ ತೆಗೆದುಕೊಂಡು ಹೊಲವನ್ನು ಎರಡು ತ್ರಿಕೋನ ಮಾಡಿ. ಒಂದು ತ್ರಿಕೋನದ ಬದಿ 60, 80, 100 ಗಜ ಅಂದುಕೊಳ್ಳಿ. ಕೂಡಿಸಿ ಅರ್ಧ ಮಾಡಿದರೆ 120. ಅದರಲ್ಲಿ ಒಂದೊಂದೇ ಬದಿ ಕಳೆದರೆ 60, 40, 20. ಈ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 2,400 ಚದರ ಗಜ, ಹತ್ತಿರಹತ್ತಿರ 20 ಗುಂಟೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲಿ ಮಾಡಿಸಿ, ಖುಷಿಯಿಂದ ಮಾಡುತ್ತಾರೆ.

ತಿಕೋಟಾದಿಂದ, ದ್ರಾಕ್ಷಿ ತೋಟದವರು:

ಮೇಲಿನವರು ಹೇಳಿದ್ದು ಸರಿ. ಜೊತೆಗೆ ಒಂದು ಮಾತು. ಆನ್ ಮಾಡಿದ ಕೂಡಲೇ ಅಳೆಯಬೇಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಮೇಲಿರುತ್ತವೆ, ಸಿಗ್ನಲ್ ಇಲ್ಲಿಗೆ ಬರುವಷ್ಟರಲ್ಲಿ ಬಹಳ ಸಣ್ಣದಾಗಿರುತ್ತದೆ. ಯಂತ್ರ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದರೆ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ಬಯಲಲ್ಲಿ ಇಟ್ಟು ಚಹಾ ಕುಡಿದು ಬನ್ನಿ. ಮೂಲೆಯಲ್ಲಿ ಬೇವಿನ ಮರ ಇದ್ದರೆ ಅದರ ಕೆಳಗೆ ನಿಲ್ಲಬೇಡಿ, ಅಂಕಿ ಓಲಾಡುತ್ತದೆ. ನಾಲ್ಕೂ ಬದಿ ಒಂದೇ ಸುತ್ತಿನಲ್ಲಿ ಮುಗಿಸಿ. ಸ್ವಲ್ಪ ಹೊತ್ತಿನೊಳಗೆ ಅಳೆದರೆ ತಪ್ಪು ಎರಡೂ ತುದಿಯಲ್ಲಿ ಸುಮಾರು ಒಂದೇ ಥರ ಇರುತ್ತದೆ, ಕಳೆದಾಗ ಬಹಳಷ್ಟು ಹೊರಟುಹೋಗುತ್ತದೆ.

ನನಗೆ ಇದು ಹೆಚ್ಚು ನೆರವಾದದ್ದು ಪೈಪಿಗೆ. ಬಾವಿಯಿಂದ ತೋಟಕ್ಕೆ 310 ಗಜ ಬಂತು, ಅಂದರೆ 930 ಅಡಿ. 20 ಅಡಿಯ ಪಿವಿಸಿ ಪೈಪು 47 ಬೇಕು. ನಡುವೆ ಹಳ್ಳ ಇದೆ, ಇಳಿದು ಹತ್ತುವ ದೂರ ಈ ಅಳತೆಯಲ್ಲಿ ಬರುವುದಿಲ್ಲ. ಅದಕ್ಕೆ 50 ತಂದೆ. ಸರಿಹೋಯಿತು.

ಗೋಕಾಕ ಕಡೆಯಿಂದ, ಟ್ರ್ಯಾಕ್ಟರ್ ಇಟ್ಟವರು:

ಗಾಲ್ಫಿನದೇ ಆಗಬೇಕು ಅಂತೇನಿಲ್ಲ. ಗಾರ್ಮಿನ್ ಇಟ್ರೆಕ್ಸ್ ಥರದ್ದು ಹಿಡಿದು ಹೊಲ ಸುತ್ತಿದರೆ ಕ್ಷೇತ್ರವನ್ನೇ ತೋರಿಸುತ್ತದೆ, ಎರಡು ಸೆಲ್ ಹಾಕಿದರೆ ನಡೆಯುತ್ತದೆ. ಮೊಬೈಲ್‌ನಲ್ಲೂ ಆಗುತ್ತದೆ. ಆದರೆ ಅಲ್ಲಿ ಬೇರೆ ಜಗಳ ಹುಟ್ಟುತ್ತದೆ. ಯಂತ್ರ 1.25 ಎಕರೆ ಅಂದರೆ 1 ಎಕರೆ 10 ಗುಂಟೆ, 1 ಎಕರೆ 25 ಗುಂಟೆ ಅಲ್ಲ. ಎಕರೆಗೆ 40 ಗುಂಟೆ ಅಲ್ವಾ? ಉತಾರದಲ್ಲಿ (ಪಹಣಿಯಲ್ಲಿ) 1-20, ಅಂದರೆ 1 ಎಕರೆ 20 ಗುಂಟೆ, ಇದ್ದದ್ದು ಯಂತ್ರದಲ್ಲಿ 1.50 ಆಗುತ್ತದೆ. ನಮ್ಮ ಡ್ರೈವರಿಗೂ ಒಬ್ಬ ರೈತಣ್ಣನಿಗೂ ಇದೇ ಕಾರಣಕ್ಕೆ ಮಾತು ಬಿಟ್ಟಿತ್ತು. ಇಬ್ಬರೂ ಒಳ್ಳೆಯವರೇ. ಚುಕ್ಕೆಯ ನಂತರದ ಭಾಗವನ್ನು (1.25 ಇದ್ದರೆ 0.25) 40ರಿಂದ ಗುಣಿಸಿ, ಗುಂಟೆ ಬರುತ್ತದೆ ಅಂತ ಈಗ ಎಲ್ಲರಿಗೂ ಮೊದಲೇ ಹೇಳುತ್ತೇನೆ.

ಇಂಡಿಯಿಂದ:

ಬಾಂದಿನ (ಹೊಲದ ಗಡಿಯ) ತಕರಾರಿಗೆ ಮಾತ್ರ ಇದನ್ನು ಒಯ್ಯಬೇಡಿ, ಕೈಮುಗಿದು ಹೇಳುತ್ತೇನೆ. ಇಂಥ ಯಂತ್ರದಲ್ಲಿ 3ರಿಂದ 5 ಮೀಟರ್ ಆಚೀಚೆ ಸಹಜ. 200 ಮೀಟರ್ ಉದ್ದದ ಬದು 3 ಮೀಟರ್ ಸರಿದರೆ 6 ಗುಂಟೆ ಹತ್ತಿರ ಆಯಿತು. ಅಷ್ಟಕ್ಕೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಕೊಡಿ, ಸರ್ವೆಯವರು ಅಕ್ಕಪಕ್ಕದವರಿಗೂ ನೋಟಿಸು ಕೊಟ್ಟು ಅಳೆಯುತ್ತಾರೆ.

ಜಮಖಂಡಿ ಕಡೆಯಿಂದ ಮತ್ತೆ:

ಎಲ್ಲರಿಗೂ ಶರಣು. ನಿನ್ನೆ ಸಂಜೆ ಹಳ್ಳದ ಹತ್ತಿರದ ಹೊಲಕ್ಕೆ ಹೋಗಿದ್ದೆ. ನಮ್ಮದೂ ಗಜದಲ್ಲೇ ಇತ್ತು. ಮಗಳು ಲೆಕ್ಕ ಮಾಡಿದಳು. ಉತಾರದಲ್ಲಿ 1 ಎಕರೆ 8 ಗುಂಟೆ, ನಮಗೆ ಬಂದದ್ದು 1 ಎಕರೆ 6 ಗುಂಟೆ. ಹೋದ ಸಲ ರಂಟೆಗೆ 1 ಎಕರೆ 20 ಗುಂಟೆಯ ಹಣ ಕೊಟ್ಟಿದ್ದೆ. ಈ ಸಲ ಡ್ರೈವರಣ್ಣನನ್ನೂ ಜೊತೆಗೆ ಕರೆದುಕೊಂಡು ನಾಲ್ಕೂ ಬದಿ ನಡೆಯುತ್ತೇನೆ.