ಸಹಾಯ ಬೇಕು: ಬೋಗಿ ಬಿಡಿಭಾಗದ ಶೆಡ್, ಪಾಲುದಾರರ ಬಡ್ಡಿ ಲೆಕ್ಕ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಾವಿಬ್ಬರು ಗೆಳೆಯರು ಸೇರಿ ಸಣ್ಣ ಶೆಡ್ ನಡೆಸ್ತಿದ್ದೀವಿ. ಎಲ್‌ಎಚ್‌ಬಿ ಅನ್ನೋ ಮಾದರಿಯ ರೈಲು ಬೋಗಿಗಳ ಸೀಟಿನ ಬ್ರಾಕೆಟ್, ಲಗೇಜ್ ರ್‍ಯಾಕಿನ ಫ್ರೇಮ್ ಮಾಡಿ ಒಂದು ದೊಡ್ಡ ಕಂಪನಿಗೆ ಕೊಡ್ತೀವಿ. ವೆಲ್ಡಿಂಗು, ಪಾಲಿಶು ನನ್ನ ಪಾಲು. ಅವನು ಚೆನ್ನೈನ ಪೆರಂಬೂರಿನಲ್ಲಿದ್ದುಕೊಂಡು ಆರ್ಡರ್ ಹಿಡೀತಾನೆ. ಹಣದ ಮಾತೆಲ್ಲ ಮೇಲ್‌ನಲ್ಲೇ.

ಮಾರ್ಚ್‌ನಲ್ಲಿ ಕಳಿಸಿದ ಮಾಲಿನ ದುಡ್ಡು ಇನ್ನೂ ಬಂದಿಲ್ಲ. ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆ ಪ್ರಕಾರ ಒಪ್ಪಂದ ಏನೇ ಇರಲಿ, ದುಡ್ಡು ಕೊಡೋದು 45 ದಿನ ಮೀರುವಂತಿಲ್ಲ. ಆದರೆ ಕೇಳಿದಾಗೆಲ್ಲ ಕಂಪನಿಯವರು 'ಮುಂದಿನ ವಾರ' ಅಂತಾರೆ. ಈ ನಡುವೆ ಸ್ಟೇನ್‌ಲೆಸ್ ಶೀಟ್ ತರಿಸೋಕೆ ಗೆಳೆಯ ತನ್ನ ಬಂಡವಾಳದ ಮೇಲೆ ಇನ್ನೂ 6 ಲಕ್ಷ ಹಾಕಿದ. ಈಗ ಅದಕ್ಕೆ ವರ್ಷಕ್ಕೆ ಶೇ. 18 ಬಡ್ಡಿ ಬೇಕಂತೆ! ನಮ್ಮ ಪಾಲುದಾರಿಕೆ ಪತ್ರದಲ್ಲಿ ಬಡ್ಡಿಯ ಸುದ್ದಿಯೇ ಇಲ್ಲ. 1932ರ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ನಲ್ಲಿ ಇಂಥ ಮುಂಗಡಕ್ಕೆ ಶೇ. 6 ಅಂತಿದೆ. ತೊಂದರೆ ಏನಂದ್ರೆ, ಆವತ್ತು ಬಡ್ಡಿ ಕೇಳಿದ ಅವನ ಮೇಲ್‌ಗೆ ನಾನು 'ಆಗ್ಲಿ ಕಣೋ, ನೋಡೋಣ' ಅಂತ ಬರೆದುಬಿಟ್ಟಿದ್ದೀನಿ. ಬಾಯಿ ತಪ್ಪಿದ್ದಲ್ಲ, ಬೆರಳು ತಪ್ಪಿದ್ದು.

ಅದು ಒಪ್ಪಿಗೆ ಅಂತ ಲೆಕ್ಕಕ್ಕೆ ಬರುತ್ತಾ? ಇನ್ನೊಂದು, ನಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ) ಇದೆ, ಆದರೆ ಪಾಲುದಾರಿಕೆ ಫರ್ಮ್ ರಿಜಿಸ್ಟರ್ ಆಗಿಲ್ಲ. ಹೀಗಿದ್ರೆ ಕೋರ್ಟಿಗೆ ಹೋಗೋಕೆ ಅದೇ 1932ರ ಕಾಯ್ದೆಯ 69ನೇ ಸೆಕ್ಷನ್ ಅಡ್ಡ ಬರುತ್ತೆ. ಸಣ್ಣ ಉದ್ದಿಮೆಗಳ ಬಾಕಿ ಹಣದ ದೂರಿಗೆ ಅಂತ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಟ್ಟವರು ಯಾರಾದ್ರೂ ಇದ್ದೀರಾ? ಕೊಟ್ಟ ಮೇಲೂ ಆ ಕಂಪನಿ ಆರ್ಡರ್ ಕೊಡ್ತಾ? ಗೆಳೆತನ ಕೆಡಿಸಿಕೊಳ್ಳೋ ಆಸೆ ಇಲ್ಲ, ಲೆಕ್ಕ ಗೊತ್ತಿದ್ದವರು ದಯವಿಟ್ಟು ತಿಳಿಸಿ.